ಕೇಳಿಸಿಕೊಂಡವಳು

ಮಗುವಿನ ಬೆನ್ನನ್ನು ಒರಟು ಟವೆಲ್ಲಿನಿಂದ ಉಜ್ಜುತ್ತಿರುವಾಗಲೇ ಅಕ್ಕನಿಗೆ ಗೊತ್ತಾಯಿತು, ಇದು ನಿಲ್ಲುವ ಜೀವವಲ್ಲ. ಅಂಗೈ ತುಂಬುವಷ್ಟೂ ಇರಲಿಲ್ಲ. ಚರ್ಮ ನೆನೆದ ಕಾಗದದ ಹಾಗಿತ್ತು. ಎದೆ ಒಮ್ಮೆ ಒಳಗೆ ಹೋಗಿ, ಮೇಲೆ ಬರಲೋ ಬೇಡವೋ ಎಂದು ಅಲ್ಲೇ ತಡೆಯುತ್ತಿತ್ತು. ಮೂಗಿಗೆ ಕೊಳವೆ ಹಾಕಿ ಲೋಳೆ ಎಳೆದಳು. ಅಂಗಾಲಿಗೆ ತಟ್ಟಿದಳು. ಎರಡು ಬೆರಳಿನಿಂದ ಎದೆ ಒತ್ತಿದಳು. ಮತ್ತೆ ಉಜ್ಜಿದಳು. ಆಮೇಲೆ ನಲ್ಲಿ ತಿರುಗಿಸಿ, ಅಂಗೈಯಲ್ಲಿ ನೀರು ಹಿಡಿದು, ಅದರ ಹಣೆಯ ಮೇಲೆ ಬಿಟ್ಟಳು.

"ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ಇದನ್ನು ಅವಳು ಮಾಡಬಹುದಿತ್ತು. ಜೀವ ಹೋಗುತ್ತಿದ್ದು, ಹತ್ತಿರದಲ್ಲಿ ಗುರುಗಳಿಲ್ಲದಿದ್ದರೆ ಯಾರು ಬೇಕಾದರೂ ನೀರು ಹಾಕಬಹುದು, ಹೆಂಗಸಾದರೂ ಸರಿ ಎಂದು ಧರ್ಮಸಭೆಯ ನಿಯಮವೇ ಹೇಳುತ್ತದೆ. ಚರ್ಚಿನ ಸ್ವಾಮಿಗಳು ಒಮ್ಮೆ ಪ್ರಬೋಧನೆಯಲ್ಲಿ ಎಲ್ಲರೆದುರು ಹೊಗಳಿದ್ದರು, ನಮ್ಮ ಅಕ್ಕನ ಕೈಯಿಂದ ಎಷ್ಟು ದೇವದೂತರು ಹಾರಿಹೋಗಿದ್ದಾರೋ ಎಂದು. ಜನ ತಿರುಗಿ ನೋಡಿದ್ದರು. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಹಾರಿಹೋದವರ ತೂಕ ಅವಳ ಕೈಗೆ ಮಾತ್ರ ಗೊತ್ತಿತ್ತು.

ಅದು ಕನ್ಯಾಸ್ತ್ರೀಯರು ನಡೆಸುವ ಸಣ್ಣ ಆಸ್ಪತ್ರೆ. ಅಲ್ಲಿ ಕನ್ಯಾಸ್ತ್ರೀಯರೂ ಸಿಸ್ಟರು, ಸಂಬಳದ ದಾದಿಯರೂ ಸಿಸ್ಟರು. ಒಬ್ಬರನ್ನು ಕರೆದರೆ ಇನ್ನೊಬ್ಬರು ತಿರುಗುತ್ತಿದ್ದರು. ಅದಕ್ಕೇ ಹೆರಿಗೆ ಕೋಣೆಯ ಈ ದಾದಿಗೆ ಹೆರಿಗೆ ಅಕ್ಕ ಎಂದು ಹೆಸರು ಬಿದ್ದು, ಕೊನೆಗೆ ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು.

ಮಗುವಿನ ಎದೆ ಮತ್ತೆ ಏಳಲಿಲ್ಲ. ಅದನ್ನು ಸುತ್ತಿ ಆಯಾಳ ಕೈಗೆ ಕೊಟ್ಟು ಅಕ್ಕ ಮೇಜಿನ ಕಡೆ ತಿರುಗಿದಳು. ಮೇಜಿನ ಮೇಲಿದ್ದವಳು ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹುಡುಗಿ. ರಕ್ತ ರಬ್ಬರ್ ಹಾಳೆಯಿಂದ ಕೆಳಗಿನ ಬಕೆಟ್ಟಿಗೆ ಇಳಿಯುತ್ತಿತ್ತು. ಇಂಜೆಕ್ಷನ್ ಕೊಟ್ಟಾಗಿತ್ತು. ಬಾಟಲಿ ಏರಿಸಿಯಾಗಿತ್ತು. ಡಾಕ್ಟರಮ್ಮ ಬೇರೆ ಊರಿಗೆ ಆಪರೇಷನ್ನಿಗೆ ಹೋಗಿದ್ದರು. ಆಂಬುಲೆನ್ಸ್ ಇನ್ನೊಬ್ಬ ರೋಗಿಯನ್ನು ಬಿಟ್ಟು ವಾಪಸ್ ಬರಬೇಕಿತ್ತು. ಗರ್ಭಕೋಶ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಅಕ್ಕ ಒಂದು ಮುಷ್ಟಿಯನ್ನು ಒಳಗಿಟ್ಟು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ನಡುವೆ ಅದನ್ನು ಹಿಂಡಿ ಹಿಡಿದು ನಿಂತಳು. ಹೀಗೆ ನಿಂತರೆ ಬೆನ್ನು ಸೀಳಿದ ಹಾಗಾಗುತ್ತದೆ. ಬಿಡುವಂತಿಲ್ಲ.

"ಜ್ಞಾನಸ್ನಾನ ಕೊಟ್ಟಿರಾ ಅಕ್ಕ?" ಹುಡುಗಿ ಕೇಳಿದಳು.

"ಕೊಟ್ಟೆ ಕಣಮ್ಮ. ನೀರು ಹಾಕಿದೆ."

"ಅದಕ್ಕೆ ಆಯಿತು ಹಾಗಾದ್ರೆ."

"ಆಯಿತು."

"ನನಗೆ?"

ಹುಡುಗಿಯ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಅವಳ ಕಾಲ ಬಳಿ ಅವಳ ತಾಯಿ ನಿಂತಿದ್ದಳು, ಶಾಲೆಯೊಂದರ ಕಸ ಗುಡಿಸುವ ಹೆಂಗಸು, ಕೆಲಸದ ಬಟ್ಟೆಯಲ್ಲೇ ಬಂದಿದ್ದವಳು.

"ಸ್ವಾಮೀನ ಕರೆಸಿ ಅಕ್ಕ. ನನಗೆ ಒಂದು ಹೇಳೋದಿದೆ."

ಆಯಾ ಫೋನ್ ಮಾಡಿದಳು. ಸ್ವಾಮಿಗಳ ಮನೆಯ ಅಡುಗೆಯವನು ಎತ್ತಿದ. ಅವರು ಹೊಸ ಬಟ್ಟೆ ಅಂಗಡಿಗೆ ಆಶೀರ್ವಾದ ಮಾಡಲು ಹೋಗಿದ್ದಾರೆ ಎಂದ. ಅಂಗಡಿಗೆ ಮಾಡಿದಳು. ಅಲ್ಲಿ ಹಾಡು ಜೋರಾಗಿತ್ತು. ಯಾರೋ ಹೋಗಿ ಕೇಳಿ ಬಂದರು. ಆಯಾ ಫೋನಿಟ್ಟಳು.

"ಊಟಕ್ಕೆ ಕೂತಿದ್ದಾರಂತೆ. ಮುಗಿಸಿಕೊಂಡು ಬರ್ತಾರಂತೆ." ಆಮೇಲೆ ಗೋಡೆಯ ಕಡೆ ತಿರುಗಿ, "ಇವರ ಊಟ ಮುಗಿಯೋದ್ರೊಳಗೆ ಇಲ್ಲಿ ಎಲ್ಲಾ ಮುಗಿಯುತ್ತೆ" ಅಂದಳು.

ಹುಡುಗಿಗೆ ಅದು ಕೇಳಿಸಿತು.

"ನಿಮಗೇ ಹೇಳಿಬಿಡ್ತೀನಿ ಅಕ್ಕ."

"ನನಗೆ ಹೇಳಿ ಪ್ರಯೋಜನ ಇಲ್ಲಮ್ಮ. ನಾನು ಸ್ವಾಮಿ ಅಲ್ಲ."

"ನಿಮ್ಮ ಕೈ ನನ್ನ ಹೊಟ್ಟೆ ಒಳಗಿದೆ. ಇದಕ್ಕಿಂತ ಹತ್ತಿರ ಯಾರು ಬರ್ತಾರೆ?"

ಅಕ್ಕ ಅವಳ ತಾಯಿಯನ್ನೂ ಆಯಾಳನ್ನೂ ಬಾಗಿಲ ಬಳಿಗೆ ಹೋಗಲು ಹೇಳಿದಳು. ಬಗ್ಗಿ ಕಿವಿ ಕೊಟ್ಟಳು. ಹುಡುಗಿ ಹೇಳಿದಳು. ಉಸಿರು ತುಂಡಾದಾಗ ನಿಲ್ಲಿಸಿ, ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಹಿಡಿದು, ಪೂರ್ತಿ ಹೇಳಿದಳು. ಏನು ಹೇಳಿದಳು ಎಂಬುದನ್ನು ಅಕ್ಕ ಅಂದೂ ಯಾರಿಗೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹಾಗಾಗಿ ಅದು ಇಲ್ಲೂ ಇಲ್ಲ.

"ಈಗ ಅವರು ಹೇಳೋ ಹಾಗೆ ಹೇಳಿ."

ಬದುಕಿಡೀ ಕೇಳಿದ ಮಾತು ಅದು. ಪಾಪನಿವೇದನೆಯ ಜಾಲರಿಯ ಆಚೆಯಿಂದ, ಗಂಡಸರ ದನಿಯಲ್ಲಿ, ಅರ್ಧ ಆಕಳಿಕೆಯಲ್ಲೂ ಕೇಳಿದ್ದಳು. ಅವಳು ಮೆಲ್ಲಗೆ ಶುರುಮಾಡಿದಳು.

"ಜೋರಾಗಿ ಹೇಳಿ. ಕಿವಿ ಮುಚ್ಚಿಕೊಳ್ತಾ ಇದೆ."

ಹಣೆ ಮುಟ್ಟಲು ಎರಡು ಕೈಯೂ ಖಾಲಿ ಇರಲಿಲ್ಲ. ಅಕ್ಕ ತನ್ನ ಹಣೆಯನ್ನೇ ಅವಳ ಹಣೆಗೆ ಒತ್ತಿದಳು. ಬೆವರಿಗೆ ಬೆವರು ಅಂಟಿತು. "ನಿನ್ನ ಪಾಪಗಳನ್ನು ನಾನು ಕ್ಷಮಿಸುತ್ತೇನೆ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಎಂದು, ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು.

ಹುಡುಗಿಯ ಭುಜ ಸಡಿಲವಾಯಿತು. ಆಂಬುಲೆನ್ಸಿನ ಸದ್ದು ಗೇಟಿನ ಹತ್ತಿರ ಕೇಳುವ ಹೊತ್ತಿಗೆ ಒಳಗೆ ಅವಸರ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅಕ್ಕ ಮುಷ್ಟಿ ಹೊರಗೆ ತೆಗೆದಾಗ ಬೆರಳು ಬಿಚ್ಚಲು ಬರಲಿಲ್ಲ. ಆಯಾ ಒಂದೊಂದಾಗಿ ಬಿಡಿಸಿದಳು.

ಸ್ವಾಮಿಗಳು ಬಂದಾಗ ತಾಯಿ ಮಗು ಇಬ್ಬರನ್ನೂ ತೊಳೆದು ಒಂದೇ ಚಾದರದಲ್ಲಿ ಮಲಗಿಸಿಯಾಗಿತ್ತು. ಅವರು ಇನ್ನೂ ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಅಂಗಿಯ ಮೇಲೆ ಅಂಗಡಿಯವರು ಹಾಕಿದ ಹೂವಿನ ಹಾರದ ಪರಿಮಳ ಹಾಗೇ ಇತ್ತು. ಹುಡುಗಿಯ ಮಣಿಕಟ್ಟು ಮುಟ್ಟಿ ನೋಡಿ, ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯ ಡಬ್ಬಿಯನ್ನು ತೆರೆಯದೆ ಜೇಬಿಗೆ ಹಾಕಿಕೊಂಡರು.

"ಸಂಸ್ಕಾರ ಜೀವ ಇರೋರಿಗೆ ಮಾತ್ರ ಅಮ್ಮ. ಪ್ರಾರ್ಥನೆ ಮಾಡೋಣ" ಅಂದರು.

ಆಗ ಹುಡುಗಿಯ ತಾಯಿ ಒಂದು ತಪ್ಪು ಮಾಡಿದಳು. ಸ್ವಾಮಿಗಳು ತಡವಾಯಿತೆಂದು ನೊಂದುಕೊಂಡಾರು ಎಂದು ಅವಳಿಗೆ ಅನಿಸಿರಬೇಕು. ಸಮಾಧಾನ ಹೇಳುವವಳ ಹಾಗೆ ಅಂದಳು: "ಪರವಾಗಿಲ್ಲ ಸ್ವಾಮಿ. ನನ್ನ ಮಗಳು ಹಾಗೇ ಹೋಗಲಿಲ್ಲ. ಅಕ್ಕ ಎಲ್ಲಾ ಕೇಳಿಸಿಕೊಂಡು ಕ್ಷಮೆ ಕೊಟ್ರು. ನಾನೇ ಕಿವಿಯಾರೆ ಕೇಳಿದೆ."

ಸ್ವಾಮಿಗಳು ಅಕ್ಕನ ಕಡೆ ನೋಡಿದರು. ಆಮೇಲೆ ಪ್ರಾರ್ಥನೆ ಶುರುಮಾಡಿದರು.

ಮಣ್ಣು ಮಾಡಿದ ಮರುದಿನ ಅವರು ಅಕ್ಕನನ್ನು ತಮ್ಮ ಮನೆಗೆ ಕರೆಸಿದರು. ಹೊರಕೋಣೆಯಲ್ಲಿ ಮೆತ್ತನೆ ಕುರ್ಚಿ, ಗೋಡೆಯ ಮೇಲೆ ಹಿಂದಿನ ಸ್ವಾಮಿಗಳ ಸಾಲು ಸಾಲು ಚಿತ್ರ. ಚಹಾ ತರಿಸಿದರು. ಕೂತುಕೊಳ್ಳಿ ಅಮ್ಮ ಅಂದರು.

"ಮಗುವಿಗೆ ನೀರು ಹಾಕಿದ್ರಿ. ಒಳ್ಳೆ ಕೆಲಸ. ಅದರ ಬಗ್ಗೆ ನನ್ನ ಆಕ್ಷೇಪ ಏನಿಲ್ಲ. ತಾಯಿಗೆ ಏನು ಹೇಳಿದ್ರಿ?"

"ನೀವು ಹೇಳೋದನ್ನೇ ಹೇಳಿದೆ."

"ನಾನು ಹೇಳಿದ್ರೆ ಅದು ಕ್ಷಮೆ. ನೀವು ಹೇಳಿದ್ರೆ ಬರೀ ಗಾಳಿ." ಅವರ ದನಿಯಲ್ಲಿ ಒರಟುತನ ಇರಲಿಲ್ಲ. ಮಕ್ಕಳಿಗೆ ಕೂಡಿಸುವ ಲೆಕ್ಕ ಹೇಳಿಕೊಡುವ ದನಿ. "ಬರೀ ಗಾಳಿ ಆಗಿದ್ರೆ ಬಿಡಬಹುದಿತ್ತು. ಸಂಸ್ಕಾರದ ನಾಟಕ ಆಡಿದ ಹಾಗಾಯಿತಲ್ಲ. ಅದು ದೊಡ್ಡ ಅಪರಾಧ."

"ಮಗುವಿಗೆ ನೀರು ಹಾಕುವಾಗಲೂ ನಾನು ಹೆಂಗಸೇ ಆಗಿದ್ದೆ ಸ್ವಾಮಿ."

"ಅದು ಬೇರೆ. ಅದಕ್ಕೆ ನಿಯಮದಲ್ಲಿ ಅವಕಾಶ ಇದೆ."

"ಎರಡರ ನಡುವೆ ನಾನು ಕೈ ಕೂಡ ತೊಳೆದಿರಲಿಲ್ಲ."

ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಎರಡು ಕೆಲಸ ಹೇಳಿದರು. ಹುಡುಗಿಯ ತಾಯಿಯ ಎದುರು ನಿಂತು, ನಾನು ಹೇಳಿದ್ದು ಕ್ಷಮೆ ಅಲ್ಲ ಎಂದು ಅಕ್ಕ ಹೇಳಬೇಕು. ಎರಡನೆಯದು, ಹುಡುಗಿ ಏನು ಹೇಳಿದಳು ಎಂಬುದನ್ನು ಹೇಳಬೇಕು. ಹುಡುಗಿಯ ಗಂಡ, ಗಾಜು ಕತ್ತರಿಸಿ ಮಾರುವವನು, ಎರಡು ಸಲ ಬಂದು ಹೋಗಿದ್ದನಂತೆ. ನನ್ನ ಹೆಂಡತಿ ಸಾಯುವಾಗ ಅಂಥ ಗುಟ್ಟು ಏನು ಹೇಳಿದಳು, ಮಗು ಯಾರದು ಎಂದು ಕೇಳುತ್ತಿದ್ದಾನಂತೆ.

"ಅದನ್ನ ಹ್ಯಾಗೆ ಹೇಳೋದು ಸ್ವಾಮಿ? ಅವಳು ಪಾಪನಿವೇದನೆ ಅಂತ ಹೇಳಿದ್ದು."

"ಅದೇ ನಿಮ್ಮ ತಪ್ಪು ತಿಳುವಳಿಕೆ. ಅದು ಪಾಪನಿವೇದನೆ ಅಲ್ಲ. ಒಬ್ಬ ರೋಗಿ ದಾದಿಗೆ ಹೇಳಿದ ಮಾತು. ಅದಕ್ಕೆ ಗುಟ್ಟಿನ ಮುದ್ರೆ ಇಲ್ಲ. ನೀವು ಬಾಯಿ ಬಿಡಲ್ಲ ಅಂದ್ರೆ, ನಾನೂ ಗುರುವೇ ಅಂತ ನೀವು ಹಟ ಹಿಡಿದ ಹಾಗಾಗುತ್ತೆ. ಹಾಗೆ ಆಡಬೇಡಿ ಅಮ್ಮ. ಚಹಾ ಕುಡೀರಿ, ಆರುತ್ತೆ."

ಅಕ್ಕ ಕುಡಿಯಲಿಲ್ಲ.

ಮನೆಯಲ್ಲಿ ಅವಳ ಗಂಡನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವನು ಚರ್ಚಿನ ಉಪದೇಶಿ. ಸ್ವಾಮಿಯಾಗಲೆಂದು ಗುರುಮಠದಲ್ಲಿ ಓದಿದವನು. ದೀಕ್ಷೆಗೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಇವಳನ್ನು ಮದುವೆಯಾಗಬೇಕೆಂದು ಹೊರಗೆ ಬಂದ. ಬಂದವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮಕ್ಕಳಿಗೆ ಜಪ ಕಲಿಸುವುದು, ರೋಗಿಗಳ ಮನೆಗೆ ಹೋಗಿ ಕೂರುವುದು, ಬಡವರ ಹೆಣದ ಹಿಂದೆ ಬಿಸಿಲಲ್ಲಿ ನಡೆಯುವುದು, ಸ್ವಾಮಿಗಳು ಪ್ರಯಾಣದಲ್ಲಿದ್ದಾಗ ಭಾನುವಾರದ ಪ್ರಾರ್ಥನೆ ನಡೆಸುವುದು, ಎಲ್ಲವೂ ಅವನದೇ. ಪೀಠದ ಮೆಟ್ಟಿಲ ತನಕ ಅವನ ಕೆಲಸ. ಮೆಟ್ಟಿಲು ಹತ್ತುವುದು ಹೆಂಡತಿ ಇಲ್ಲದವರದು. ಜನ ಅವನಿಗೆ ಅರ್ಧ ಸ್ವಾಮಿ ಎನ್ನುತ್ತಿದ್ದರು. ಉಳಿದ ಅರ್ಧ ಎಲ್ಲಿ ಎಂದು ಯಾರಾದರೂ ಕೇಳಿದರೆ, ಹೆರಿಗೆ ಕೋಣೆಯಲ್ಲಿದೆ ಎಂದು ಇನ್ಯಾರೋ ನಗುತ್ತಿದ್ದರು. ಅವನೂ ನಗುತ್ತಿದ್ದ. ಇರುವ ಮನೆ ಚರ್ಚಿನದು, ನಗದೆ ಏನು ಮಾಡುತ್ತಾನೆ.

"ಏನೋ ಒಂದು ಹೇಳಿಬಿಡು" ಅಂದ. "ನಿಜವೇ ಆಗಬೇಕು ಅಂತ ಯಾರು ಹೇಳಿದ್ರು? ಅತ್ತೆ ಜೊತೆ ಜಗಳ ಆಡಿದ್ದೆ ಅಂದಳು ಅಂತ ಹೇಳು. ಮುಗೀತಲ್ಲ."

"ಸತ್ತವಳ ಬಾಯಿಗೆ ನನ್ನ ಮಾತು ತುರುಕಲಾ?"

"ನಮ್ಮ ತಲೆ ಮೇಲಿನ ಸೂರು ಯಾರದು ಅಂತ ನೆನಪಿದೆಯಾ ನಿನಗೆ?"

"ಇದೆ. ಸೋರುತ್ತೆ ಅಂತಲೂ ನೆನಪಿದೆ."

ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವನು ಎದುರು ಕೂತು ಒಂದು ಟವೆಲ್ ತೆಗೆದುಕೊಂಡು ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ. ಆಮೇಲೆ ತಲೆ ಎತ್ತದೆ ಕೇಳಿದ:

"ಆ ಮಾತು ಹೇಳುವಾಗ ಹ್ಯಾಗಿತ್ತು?"

ಅಕ್ಕ ಕೈ ನಿಲ್ಲಿಸಿದಳು. ಗುರುಮಠದಲ್ಲಿ ಕನ್ನಡಿಯ ಮುಂದೆ ನಿಂತು ಕ್ಷಮೆಯ ಆ ಮಾತನ್ನು ಬಾಯಿಪಾಠ ಮಾಡುತ್ತಿದ್ದೆವು ಎಂದು ಮದುವೆಯಾದ ಹೊಸತರಲ್ಲಿ ಅವನು ಹೇಳಿದ್ದ. ಒಬ್ಬ ಮನುಷ್ಯನಿಗೆ ಕೂಡ ಅದನ್ನು ಹೇಳುವ ಗಳಿಗೆ ಅವನಿಗೆ ಬರಲಿಲ್ಲ. ಅವನ ಮುಖ ನೋಡಿದಳು. ಅದರಲ್ಲಿದ್ದದ್ದು ಕೋಪವಲ್ಲ, ಹಸಿವು. ಅವಳಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

"ಬೆನ್ನು ನೋಯ್ತಿತ್ತು" ಅಂದಳು.

ವಿಚಾರಣೆ ಆಸ್ಪತ್ರೆಯಲ್ಲೇ ಆಯಿತು, ದಾದಿಯರಿಗೆ ಪಾಠ ಹೇಳುವ ಕೋಣೆಯಲ್ಲಿ. ಮೂಲೆಯಲ್ಲಿ ಹೆರಿಗೆ ಕಲಿಸಲು ಇಟ್ಟ ಪ್ಲಾಸ್ಟಿಕ್ಕಿನ ಸೊಂಟ, ಅದರೊಳಗೆ ತಲೆ ಸಿಕ್ಕಿಕೊಂಡ ಗೊಂಬೆ. ಸ್ವಾಮಿಗಳು ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಆಸ್ಪತ್ರೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವ ಕನ್ಯಾಸ್ತ್ರೀ. ಗೋಡೆ ಬದಿಯ ಬೆಂಚಿನಲ್ಲಿ ಹುಡುಗಿಯ ಗಂಡ, ತಾಯಿ. ಅಕ್ಕನಿಗೆ ಕುರ್ಚಿ ಇಟ್ಟಿರಲಿಲ್ಲ.

ಸ್ವಾಮಿಗಳು ಕಾಯಲಿಲ್ಲ. ಮೊದಲ ಕೆಲಸವನ್ನು ತಾವೇ ಮಾಡಿ ಮುಗಿಸಿದರು.

"ನಿಮಗೆ ನೋವು ಕೊಡೋ ಮನಸ್ಸು ನನಗಿಲ್ಲಮ್ಮ" ಎಂದು ಆ ತಾಯಿಗೆ ಹೇಳಿದರು. "ಆದರೆ ಸತ್ಯ ಹೇಳಬೇಕಾಗುತ್ತೆ. ನಿಮ್ಮ ಮಗಳಿಗೆ ಸಂಸ್ಕಾರ ಸಿಗಲಿಲ್ಲ. ಇವರು ಹೇಳಿದ ಮಾತಿಗೆ ಬೆಲೆ ಇಲ್ಲ. ಮಗು ದೇವರ ಹತ್ತಿರ ಇದೆ, ಅದರಲ್ಲಿ ಸಂಶಯ ಬೇಡ. ಮಗಳ ವಿಷಯ ದೇವರ ದಯೆಗೆ ಬಿಟ್ಟಿದ್ದು. ನಾವು ಏನೂ ಹೇಳೋ ಹಾಗಿಲ್ಲ."

ತಾಯಿಗೆ ಮೊದಲು ಅರ್ಥವಾಗಲಿಲ್ಲ. ಸ್ವಾಮಿಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಮಗು ಒಂದು ಕಡೆ, ನನ್ನ ಮಗಳು ಒಂದು ಕಡೆನಾ?" ಎಂದು ಕೇಳಿದಳು. ಸ್ವಾಮಿಗಳು ಕಣ್ಣು ಇಳಿಸಿದರು. ಆಗ ಅವಳ ಮುಖ ಒಳಗಿನಿಂದ ಕುಸಿಯಿತು.

ಗಂಡ ಎದ್ದು ನಿಂತ. ಅವನ ಬೆರಳುಗಳ ತುಂಬ ಗಾಜು ತಾಗಿದ ಹಳೆಯ ಗಾಯಗಳ ಗೆರೆ.

"ಅದೆಲ್ಲ ಆಮೇಲೆ. ಅವಳು ಹೇಳಿದ್ದೇನು? ಯಾರ ಹೆಸರು ಹೇಳಿದಳು?"

ಅಕ್ಕ ಸುಮ್ಮನಿದ್ದಳು.

"ಹೆಸರು ಹೇಳಲಿಲ್ಲ ಅಂತಾದ್ರೂ ಹೇಳಿ. ಅದಕ್ಕೇನು ಅಡ್ಡಿ?"

ಅಡ್ಡಿ ಅದೇ ಆಗಿತ್ತು. ಹೌದು ಎಂದರೂ ಅದು ಹುಡುಗಿಯ ಮಾತನ್ನು ಮುರಿದು ಹಂಚಿದ ಹಾಗೆ, ಇಲ್ಲ ಎಂದರೂ ಹಾಗೇ. ಇವತ್ತು ಒಂದಕ್ಕೆ ಇಲ್ಲ ಎಂದರೆ ನಾಳೆ ಇನ್ನೊಂದಕ್ಕೆ ಸುಮ್ಮನಿದ್ದದ್ದೇ ಸಾಕ್ಷಿಯಾಗುತ್ತದೆ. ಅವಳ ಒಂದೇ ಒಂದು ಮಾತು ಸಾಕಿತ್ತು, ಆ ಹುಡುಗಿಯನ್ನು ಎತ್ತಲು ಅಥವಾ ಮುಳುಗಿಸಲು. ಆ ಮಾತು ನಾಲಿಗೆಯ ಮೇಲೆ ಕೂತಿತ್ತು, ಬಿಸಿ ಕೆಂಡದ ಹಾಗೆ. ಉಗುಳಿಬಿಡು ಎಂದು ಮೈಯೆಲ್ಲ ಹೇಳುತ್ತಿತ್ತು.

"ನೋಡಿದ್ರಾ?" ಗಂಡ ಸ್ವಾಮಿಗಳಿಗೆ ಹೇಳಿದ. "ಬಾಯಿ ಬರ್ತಾ ಇಲ್ಲ. ಹೇಳೋಕೆ ನಾಚಿಕೆ ಆಗೋವಂಥದ್ದೇ ಏನೋ ಮಾಡಿದ್ದಾಳೆ. ಸೂಳೆ. ನಾನು ಅವಳ ಹೆಣ ಹೊತ್ತೆ."

"ನಾಲಿಗೆ ಬಿಗಿ ಹಿಡೀರಿ" ಅಂದರು ದೊಡ್ಡ ಸಿಸ್ಟರ್, ನೆಲ ನೋಡುತ್ತ.

ಆಗ ತಾಯಿ ಬೆಂಚಿನಿಂದ ಇಳಿದು ಬಂದಳು. ಅಕ್ಕನ ಮುಂದೆ ನಿಂತಳು. ಅಕ್ಕ ಅವಳ ಕೈ ಹಿಡಿಯಲು ಹೋದಳು.

"ಮುಟ್ಟಬೇಡ" ಅಂದಳು ತಾಯಿ. ಮೊದಲ ಬಾರಿಗೆ ಏಕವಚನ. "ನೀನು ಸುಮ್ಮನಿದ್ದಿದ್ರೆ ಅವಳು ತಡೀತಿದ್ದಳು. ಸ್ವಾಮಿ ಬರಲಿ ಅಂತ ಉಸಿರು ಹಿಡಿದುಕೊಂಡಿರ್ತಿದ್ದಳು. ನನ್ನ ಮಗಳು ಹಟಮಾರಿ, ಹಿಡಿದಿರ್ತಿದ್ದಳು. ನೀನು ಸುಳ್ಳು ಹೇಳಿದೆ. ಅವಳು ನಂಬಿದಳು. ಎಲ್ಲಾ ಆಯಿತು ಅಂತ ಬಿಟ್ಟುಬಿಟ್ಟಳು. ನೀನು ಬಿಡಿಸಿದೆ ಅವಳನ್ನ."

ಅವಳು ಉಗಿದಳು. ಅದು ಅಕ್ಕನ ಗಲ್ಲಕ್ಕೆ ಬಿತ್ತು. ಹೆರಿಗೆ ಕೋಣೆಯಲ್ಲಿ ಮೈಮೇಲೆ ಬೀಳದ್ದು ಯಾವುದೂ ಇರಲಿಲ್ಲ, ರಕ್ತ, ಮಲ, ಗರ್ಭದ ನೀರು. ಇದನ್ನು ಮಾತ್ರ ಒರೆಸಿಕೊಳ್ಳಲು ಅವಳ ಕೈ ಏಳಲಿಲ್ಲ.

ಸ್ವಾಮಿಗಳು ಎದ್ದು ಬಂದು ತಾಯಿಯ ಭುಜ ಹಿಡಿದು ಕೂರಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಮೆತ್ತಗೆ, ಬೇಡುವ ಹಾಗೆ ಅಂದರು:

"ಅಮ್ಮ, ಈ ಸಂಸಾರಕ್ಕೆ ನೆಮ್ಮದಿ ಕೊಡಿ. ನಿಮಗೆ ಏನೂ ನೆನಪಿಲ್ಲ ಅಂತಾದ್ರೂ ಹೇಳಿ. ಅಷ್ಟೇ ಸಾಕು."

"ನೆನಪಿದೆ" ಅಂದಳು ಅಕ್ಕ. "ಒಂದೊಂದು ಮಾತೂ ನೆನಪಿದೆ. ಹೇಳಲ್ಲ."

"ಯಾಕೆ?"

"ನೀವು ಯಾಕೆ ಹೇಳಲ್ವೋ ಅದಕ್ಕೇ."

ಸ್ವಾಮಿಗಳು ಅವಳ ಕಣ್ಣು ನೋಡಿದರು. ಅವರ ಕಿವಿಯಲ್ಲೂ ಆ ಊರಿನ ಎಷ್ಟೋ ಮಾತುಗಳು ಹೂತಿದ್ದವು. ಕೊಲೆಗಾರ ಬಂದು ಹೇಳಿದರೂ ಅವರು ಬಾಯಿ ಬಿಡುವಂತಿರಲಿಲ್ಲ. ಎದುರು ನಿಂತವಳು ಮಾಡುತ್ತಿರುವುದು ಏನೆಂದು ಆ ಕೋಣೆಯಲ್ಲಿ ಪೂರ್ತಿ ಗೊತ್ತಿದ್ದದ್ದು ಅವರೊಬ್ಬರಿಗೆ. ಒಂದು ಗಳಿಗೆ ಅದು ಅವರ ಮುಖದಲ್ಲಿ ಕಂಡಿತು. ಆಮೇಲೆ ಅವರು ದೃಷ್ಟಿ ಕಿತ್ತು ದೊಡ್ಡ ಸಿಸ್ಟರ್ ಕಡೆ ತಿರುಗಿ, "ಇವರನ್ನ ಹೆರಿಗೆ ಕೋಣೆಯಿಂದ ತೆಗೀರಿ" ಅಂದರು.

ಹಾಗೆ ಹೆರಿಗೆ ಅಕ್ಕ ಒಗೆಯುವ ಕೋಣೆಗೆ ಬಂದಳು.

ದೊಡ್ಡ ಸಿಸ್ಟರ್ ಅವಳನ್ನು ಒಬ್ಬಳೇ ಇರುವಾಗ ಕರೆದು ಹೇಳಿದ್ದರು: "ನನ್ನ ಮೇಲೆ ಸಿಟ್ಟು ಬೇಡ ಅಕ್ಕ. ನಮ್ಮ ಕೈಯಲ್ಲಿ ಏನಿದೆ?"

"ಈ ಆಸ್ಪತ್ರೆ ಇದೆಯಲ್ಲ ಸಿಸ್ಟರ್."

"ಅದನ್ನ ನಡೆಸೋಕೆ ಬಿಟ್ಟಿದ್ದಾರೆ. ನಮ್ಮದು ಅಂತ ಯಾರು ಹೇಳಿದ್ರು?" ದೊಡ್ಡ ಸಿಸ್ಟರ್ ನಗಲು ನೋಡಿದರು. "ನಮಗೂ ಬಲಿಪೂಜೆ, ಪ್ರಸಾದ ಬೇಕು ಅಂದ್ರೆ ಒಬ್ಬ ಹುಡುಗ ಸ್ವಾಮಿ ಬರಬೇಕು. ಬರಲಿಲ್ಲ ಅಂದ್ರೆ ನಾವು ಅಷ್ಟೂ ಜನ ಹೆಂಗಸರು ಕೈಕಟ್ಟಿ ಕಾಯ್ತೀವಿ. ನಿಮಗೊಬ್ಬರಿಗೇ ಅಂದ್ಕೋಬೇಡಿ."

"ನೀವು ಕಾಯಬಹುದು. ನಿಮ್ಮ ರಕ್ತ ಹೋಗ್ತಾ ಇರಲ್ಲ."

ದೊಡ್ಡ ಸಿಸ್ಟರ್ ನಗು ನಿಲ್ಲಿಸಿದರು. ಆಮೇಲೆ ಅಕ್ಕನ ಜೊತೆ ಮಾತಾಡಲಿಲ್ಲ.

ಭಾನುವಾರ ಅಕ್ಕ ಚರ್ಚಿಗೆ ಹೋದಳು. ಪ್ರಸಾದದ ಸಾಲಿನಲ್ಲಿ ನಿಂತಳು. ತಡೆಯುತ್ತಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಸರದಿ ಬಂದಾಗ ಸ್ವಾಮಿಗಳು ಬೆರಳಲ್ಲಿ ಹಿಡಿದಿದ್ದ ಪ್ರಸಾದವನ್ನು ಪಾತ್ರೆಗೆ ವಾಪಸ್ ಇಟ್ಟರು. ಅಕ್ಕ ಬಾಯಿ ತೆರೆದು ನಿಂತಿದ್ದಳು. ಸ್ವಾಮಿಗಳು ಪಾತ್ರೆಯನ್ನು ಎದೆಗೆ ಹತ್ತಿರ ಹಿಡಿದು, ಅವಳ ತಲೆಯ ಮೇಲಿಂದ ಹಿಂದಿನವರನ್ನು ನೋಡಿದರು. ತೆರೆದ ಬಾಯಿಯನ್ನು ಮುಚ್ಚಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಂದೆ ಇದ್ದ ಹೆಂಗಸು ಅವಳನ್ನು ಭುಜದಿಂದ ಸರಿಸಿ ಮುಂದೆ ಹೋದಳು. ಆ ಹೆಂಗಸಿನ ಅವಳಿ ಮಕ್ಕಳನ್ನು, ಒಂದು ಕಾಲು ಮುಂದಾಗಿ ಬಂದದ್ದನ್ನು, ಅಕ್ಕನೇ ಎಳೆದು ತೆಗೆದಿದ್ದಳು. ಅಕ್ಕನ ಗಂಡ ಪೀಠದ ಮೆಟ್ಟಿಲ ಬಳಿ ಮೇಣದಬತ್ತಿ ಹಿಡಿದು ನಿಂತಿದ್ದ. ಎಲ್ಲಾ ನೋಡಿದ. ಬತ್ತಿ ಅಲುಗಲಿಲ್ಲ.

ಒಗೆಯುವ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಯಂತ್ರ ಕೆಟ್ಟು ಕೂತಿತ್ತು. ರಕ್ತದ ಚಾದರಗಳನ್ನು ತಣ್ಣೀರಲ್ಲಿ ನೆನೆಸಿ, ಕಾಲಲ್ಲಿ ತುಳಿದು, ಬ್ಲೀಚಿಂಗ್ ಹಾಕಿ, ಮತ್ತೆ ತಿಕ್ಕಬೇಕಿತ್ತು. ಉಗುರಿನ ಸುತ್ತ ಚರ್ಮ ಎದ್ದಿತು. ರಾತ್ರಿ ಊಟ ಕಲಸಿದರೆ ಕೈ ಉರಿಯುತ್ತಿತ್ತು. ಆಯಾ ಬುಟ್ಟಿ ತಂದು ಸುರಿಯುವಾಗ ಸುದ್ದಿಯನ್ನೂ ಸುರಿಯುತ್ತಿದ್ದಳು. ಹೆರಿಗೆ ಕೋಣೆಗೆ ಬಂದ ಹೊಸ ಹುಡುಗಿ ರಕ್ತ ಕಂಡರೆ ತಾನೇ ಬೀಳುತ್ತಾಳಂತೆ. ಸತ್ತ ಹುಡುಗಿಯ ಗೋರಿಯ ಮೇಲಿನ ಶಿಲುಬೆಯನ್ನು ಗಂಡ ಕಿತ್ತು ಎಸೆದನಂತೆ. ತಾಯಿ ಅದನ್ನು ಮನೆಗೆ ತಂದು ಬಾಗಿಲ ಹಿಂದೆ ಇಟ್ಟುಕೊಂಡಿದ್ದಾಳಂತೆ. ಅಕ್ಕ ಕೇಳುತ್ತಿದ್ದಳು. ಚಾದರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಒಂದು ದಿನ ಅಕ್ಕನ ಗಂಡ ಕೆಲಸದ ಜಾಗಕ್ಕೇ ಬಂದ. ಮುಖ ಅರಳಿತ್ತು. ಸ್ವಾಮಿಗಳಿಗೂ ಮೇಲಿನ ಧರ್ಮಾಧ್ಯಕ್ಷರ ಕಡೆಯಿಂದ ದಾರಿ ಸಿಕ್ಕಿದೆಯಂತೆ. ಬರುವ ಭಾನುವಾರ ಬಲಿಪೂಜೆಗೆ ಮುಂಚೆ ಅಕ್ಕ ಪೀಠದ ಮುಂದೆ ಮಂಡಿಯೂರಿ, ನಾನು ಮಾಡಿದ್ದು ಮೋಸ ಎಂದು ಒಂದು ಮಾತು ಹೇಳಿದರೆ, ಶಿಕ್ಷೆ ರದ್ದು. ಪ್ರಸಾದವೂ ಸಿಗುತ್ತದೆ. ಹೆರಿಗೆ ಕೋಣೆಯೂ ಸಿಗುತ್ತದೆ.

"ಹುಡುಗಿ ಹೇಳಿದ್ದನ್ನ ಕೇಳಲ್ಲ ಅಂತ ಒಪ್ಪಿದ್ದಾರೆ" ಅಂದ. "ಎಷ್ಟು ಕಾಡಿ ಒಪ್ಪಿಸಿದೆ ಗೊತ್ತಾ? ನೀನು ಮೋಸ ಅಂದ್ರೆ ಸಾಕು."

ಅಕ್ಕ ನೀರಿನಲ್ಲಿ ನಿಂತು ಅವನನ್ನು ನೋಡಿದಳು. ಹೆರಿಗೆ ಕೋಣೆ ಎಂದಾಗ ಅವಳ ಬೆರಳುಗಳು ತಾವಾಗಿ ಮಡಚಿ ಬಿಚ್ಚಿದ್ದವು. ಅವಳಿಗೆ ಅದು ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾ​ಗೆ ಬೇಕಿತ್ತು.

"ನೋಡೋಣ" ಅಂದಳು.

"ನೋಡೋದೇನು?"

"ನೋಡೋಣ ಅಂದೆನಲ್ಲ. ಚಪ್ಪಲಿ ನೆನೆಯುತ್ತೆ, ಆ ಕಡೆ ನಿಲ್ಲಿ."

ಅವನು ಹೋದ ಮೇಲೆ ಅಕ್ಕ ಒಣಗಿದ ಚಾದರಗಳ ಬುಟ್ಟಿ ಹೊತ್ತು ಹೆಂಗಸರ ವಾರ್ಡಿಗೆ ನಡೆದಳು. ನಡು ಮಧ್ಯಾಹ್ನ. ಕೊನೆಯ ಮಂಚದಲ್ಲಿ ಒಬ್ಬ ಮುದುಕಿ ಇದ್ದಳು, ಹಳೆ ಬಾಟಲಿ ಕೊಂಡು ಮಾರುತ್ತಿದ್ದವಳು. ಹೊಟ್ಟೆಯ ಗಡ್ಡೆ ಅವಳನ್ನು ತಿಂದು ಮುಗಿಸುತ್ತಿತ್ತು. ಅಕ್ಕ ಅವಳನ್ನು ಒಂದು ಪಕ್ಕಕ್ಕೆ ಉರುಳಿಸಿ, ಒದ್ದೆ ಚಾದರ ಎಳೆದು, ಬೆನ್ನ ಹುಣ್ಣು ಒರೆಸಿ, ಒಗೆದ ಚಾದರ ಹಾಸಿದಳು.

ಮುದುಕಿ ಅವಳ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಇನ್ನೂ ಜೋರಿತ್ತು.

"ನೀನೇ ಅಲ್ವೇನೇ ಅವಳು?"

"ಯಾರು?"

"ಉಗಿದ್ರೂ ಬಾಯಿ ಬಿಡಲಿಲ್ಲವಂತಲ್ಲ."

"ಯಾರು ಹೇಳಿದ್ರು ನಿಮಗೆ?"

"ಎಲ್ಲರೂ ಹೇಳ್ತಾರೆ. ಆ ಮೂಲೆ ಮಂಚದವಳು ಹೇಳಿದಳು. ನಿನ್ನ ಆಯಾ ಹೇಳಿದಳು. ಅವಳ ಬಾಯಿ ಮುಚ್ಚಿಸೋಕೆ ಆಗುತ್ತಾ?" ಮುದುಕಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳ ಮುಖದಲ್ಲಿ ನಗು ಇರಲಿಲ್ಲ. "ನನ್ನ ಹತ್ರ ಒಂದು ಇದೆ. ಬಹಳ ಹಳೇದು. ಆಚೆಗೆ ತಗೊಂಡು ಹೋಗೋಕೆ ಆಗಲ್ಲ ನನಗೆ."

"ಇವತ್ತು ಸ್ವಾಮಿಗಳು ವಾರ್ಡಿಗೆ ಬರೋ ದಿನ" ಅಂದಳು ಅಕ್ಕ. "ಅವರನ್ನ ಕರೀತೀನಿ."

"ಗಂಡಸಿಗೆ ಹೇಳೋ ಹಾಗಿದ್ರೆ ಯಾವತ್ತೋ ಹೇಳ್ತಿದ್ದೆ."

"ನಾನು ಹೇಳಿದ್ರೆ ಅದು ಗಾಳಿಯಂತೆ ಅಮ್ಮ. ಬೆಲೆ ಇಲ್ಲವಂತೆ. ಅದನ್ನೂ ಹೇಳಿದಳಾ ಆಯಾ?"

"ಹೇಳಿದಳು." ಮುದುಕಿ ಕಣ್ಣು ಮುಚ್ಚಿದಳು. ಮಣಿಕಟ್ಟು ಬಿಡಲಿಲ್ಲ. "ಈ ವಾಸನೇಲಿ ಸ್ವಲ್ಪ ಗಾಳಿ ಬಂದ್ರೆ ಸಾಕಾಗಿದೆ ನನಗೆ."

ಆ ಸತ್ತ ಹುಡುಗಿಯ ತಾಯಿಯ ಮುಖ ಅಕ್ಕನ ಕಣ್ಣ ಮುಂದೆ ಬಂತು. ನೀನು ಬಿಡಿಸಿದೆ ಅವಳನ್ನ. ಹೌದು, ಬಿಡಿಸಿದ್ದೆ. ಅದು ಸುಳ್ಳಾಗಿದ್ದರೆ ತಾನು ಮಾಡಿದ್ದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಸುಳ್ಳಲ್ಲದಿದ್ದರೆ ಉಳಿದವರೆಲ್ಲ ಮಾಡಿದ್ದು ಕ್ರೌರ್ಯ. ಯಾವುದು ಎಂದು ಹೇಳುವವರು ಯಾರೂ ಇಲ್ಲ. ಹೇಳುವ ಅಧಿಕಾರ ಇದ್ದವರು ಅವತ್ತು ಊಟಕ್ಕೆ ಕೂತಿದ್ದರು.

ಅವಳು ಬೆರಳು ಬಿಡಿಸಿಕೊಂಡು, ಹೊಲಸು ಚಾದರಗಳನ್ನು ಬುಟ್ಟಿಗೆ ತುಂಬಿ ಬಾಗಿಲ ಹೊರಗಿಡಲು ಹೋದಳು. ಕಾರಿಡಾರಿನಲ್ಲಿ ಸ್ವಾಮಿಗಳು ಬರುತ್ತಿದ್ದರು. ಎದೆಯ ಮೇಲೆ ಪ್ರಸಾದದ ಸಣ್ಣ ಡಬ್ಬಿ. ಅವಳನ್ನು ಕಂಡು ನಿಂತರು. ದನಿ ಎಂದಿನಂತೆ ಮೃದುವಾಗಿತ್ತು.

"ಭಾನುವಾರದ ವಿಷಯ ನಿಮ್ಮ ಯಜಮಾನರು ಹೇಳಿರಬೇಕು. ಸಂತೋಷ ಆಯಿತು ಅಮ್ಮ ನನಗೆ."

ಅಕ್ಕ ತಲೆ ಆಡಿಸಿದಳು. ಅದು ಹೌದು ಎಂದು ಅವರಿಗೆ ಕಂಡಿತು.

"ಒಳಗೆ ನನ್ನಿಂದ ಏನಾದ್ರೂ ಬೇಕಾದವರು ಇದ್ದಾರಾ?"

ವಾರ್ಡಿನ ಒಳಗೆ ಮುದುಕಿ ಕೆಮ್ಮಿದಳು. ಅಕ್ಕ ಬುಟ್ಟಿಯನ್ನು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದಳು. ಭಾನುವಾರ ಪೀಠದ ಮುಂದೆ ಖಾಲಿ ಇರುವ ಜಾಗ ಅವಳಿಗೆ ಈಗಲೇ ಕಂಡಿತು. ಬತ್ತಿ ಹಿಡಿದು ಬಾಗಿಲ ಕಡೆಗೇ ನೋಡುತ್ತ ನಿಂತ ಗಂಡನೂ ಕಂಡ. ತಾನು ಹೋಗುವುದಿಲ್ಲ ಎಂದು ಅವನಿಗೂ ಅವಳು ಹೇಳಿರಲಿಲ್ಲ. ಹೇಳುವುದೂ ಇಲ್ಲ.

"ಯಾರೂ ಇಲ್ಲ ಸ್ವಾಮಿ" ಅಂದಳು.

ಅವರು ಗಂಡಸರ ವಾರ್ಡಿನ ಕಡೆ ಹೋದರು. ಅವರ ಹೆಜ್ಜೆಯ ಸದ್ದು ಮುಗಿಯುವ ತನಕ ನಿಂತಿದ್ದು, ಅಕ್ಕ ಒಳಗೆ ಬಂದು, ಮುದುಕಿಯ ಮಂಚದ ಅಂಚಿನಲ್ಲಿ ಕೂತು, ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ ಬಗ್ಗಿದಳು.